ರೈಲು ಹಿಡಿಯುವ ಗಡಿಬಿಡಿಯಲ್ಲಿ ವ್ಯಾಯಾಮಕ್ಕೆ ಹೊತ್ತೆಲ್ಲಿ?

ಪ್ರಶ್ನೆ: ನನಗೆ 41 ವರ್ಷ. ತುಮಕೂರಿನಿಂದ ವಾರಕ್ಕೆ ಐದು ದಿನ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತೇನೆ. ಆಫೀಸಿನಲ್ಲೂ ಕೂತೇ ಕೆಲಸ. ಮನೆ ಸೇರುವಾಗ ರಾತ್ರಿ ಏಳೂವರೆ. ಮೊನ್ನೆ ಮೂರು ತಿಂಗಳ ಶುಗರ್ ಪರೀಕ್ಷೆ (ಎಚ್‌ಬಿಎ1ಸಿ) ಮಾಡಿಸಿದಾಗ 6.1 ಬಂತು. ಸದ್ಯಕ್ಕೆ ಮಾತ್ರೆ ಬೇಡ, ವ್ಯಾಯಾಮ ಮಾಡಿ ಅಂದರು ಡಾಕ್ಟರ್. ಯೂಟ್ಯೂಬ್ ನೋಡಿಕೊಂಡು ದಿನಾ 40 ನಿಮಿಷ ಶುರು ಮಾಡಿದೆ. ಮಂಡಿ ನೋವು ಬಂದು ವಾರದಲ್ಲೇ ಬಿಟ್ಟೆ. ಮನೆಗೆಲಸಕ್ಕಿಂತ ಬೇರೆ ವ್ಯಾಯಾಮ ಬೇಕಾ ಅಂತಾರೆ ಅತ್ತೆ. ಐದಕ್ಕೇ ಎದ್ದು ಮಾಡಲೇ? ಟ್ರೆಡ್‌ಮಿಲ್ ತಗೊಳ್ಳೋಣವೇ? ಸ್ಟೇಷನ್ ಒಂದೂಕಾಲು ಕಿಲೋಮೀಟರ್ ದೂರ. ನಮ್ಮ ಯಜಮಾನರು ಬೈಕಿನಲ್ಲಿ ಬಿಟ್ಟು, ಸಂಜೆ ಕರೆದುಕೊಂಡು ಬರುತ್ತಾರೆ.

ಫಿಸಿಯೋಥೆರಪಿಸ್ಟ್ ಉತ್ತರ: ಟ್ರೆಡ್‌ಮಿಲ್ ಬೇಡ ಮೇಡಂ. ನಿಮ್ಮ ಪತ್ರದ ಕೊನೆಯ ಸಾಲಿನಲ್ಲೇ ಅದಕ್ಕೆ ಉತ್ತರ ಇದೆ. ಒಂದೂಕಾಲು ಕಿಲೋಮೀಟರ್ ಬಿರುಸಾಗಿ ನಡೆದರೆ ಹದಿನೈದು ನಿಮಿಷ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ, ಐದು ದಿನ. ವಾರಕ್ಕೆ 150 ನಿಮಿಷ ಆಯಿತಲ್ಲ! ದೊಡ್ಡವರಿಗೆ ವಾರಕ್ಕೆ ಕನಿಷ್ಠ ಇಷ್ಟಾದರೂ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕವೂ ಇದೇ. ಒಂದೇ ಸಲ ಹತ್ತು ನಿಮಿಷವಾದರೂ ಮಾಡಬೇಕು ಅನ್ನುವ ಹಳೇ ಷರತ್ತನ್ನು 2020ರ ಮಾರ್ಗಸೂಚಿಯಲ್ಲಿ ಕೈಬಿಟ್ಟಿದ್ದಾರೆ. ಚೂರುಪಾರು ನಡೆದಿದ್ದೂ ಲೆಕ್ಕಕ್ಕೆ ಬರುತ್ತದೆ. ಬಿರುಸು ಅಂದರೆ ಎಷ್ಟು ಅಂತೀರಾ? ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು, ಅಷ್ಟು. ಎರಡೂ ಹೊತ್ತು ಆಗದಿದ್ದರೆ ಸಂಜೆಯದನ್ನಾದರೂ ಉಳಿಸಿಕೊಳ್ಳಿ. ರಾತ್ರಿ ಕತ್ತಲು, ನಾಯಿ ಕಾಟ ಅಂತಿದ್ದರೆ ಯಜಮಾನರೂ ಬೈಕ್ ಬಿಟ್ಟು ನಡೆದೇ ಬರಲಿ, ಅವರಿಗೂ ಒಳ್ಳೆಯದೇ.

ಐದಕ್ಕೆ ಏಳುವ ವಿಚಾರ. ನೀವು ಮಲಗುವುದು ಎಷ್ಟಕ್ಕೆ ಅಂತ ಬರೆದಿಲ್ಲ. ಹನ್ನೊಂದಾಗುತ್ತದೆ ಅಂದರೆ ಏಳಬೇಡಿ. ನಿದ್ದೆ ಕಡಿಮೆಯಾದರೂ ಶುಗರ್ ಏರುಪೇರಾಗುತ್ತದೆ.

ಇನ್ನು ಅತ್ತೆಯವರ ಮಾತು. ಮನೆ ತುಂಬ ಜನಕ್ಕೆ ಮುದ್ದೆ ತೊಳಸಿದವರಿಗೆ ಗೊತ್ತು, ರಟ್ಟೆ ಎಷ್ಟು ಸೋಲುತ್ತದೆ ಅಂತ. ಮನೆಗೆಲಸ ಸುಮ್ನೆ ಅಲ್ಲ. ಆದರೆ ದಿನಾ ಅದೇ ಕೆಲಸ, ಅಷ್ಟೇ ಭಾರ. ದೇಹ ಅದಕ್ಕೆ ಒಗ್ಗಿಹೋಗಿರುತ್ತದೆ, ಸ್ನಾಯು ಬೆಳೆಯುವುದಿಲ್ಲ. ಅದರಲ್ಲೂ ತೊಡೆಗೆ ಸಿಗುವ ಕೆಲಸ ಬಹಳ ಕಡಿಮೆ. ಊಟದ ಮೇಲೆ ರಕ್ತಕ್ಕೆ ಬರುವ ಸಕ್ಕರೆಯನ್ನು ಜಾಸ್ತಿ ಎಳೆದುಕೊಳ್ಳುವುದು ಸ್ನಾಯುಗಳು, ಅದರಲ್ಲಿ ದೊಡ್ಡವು ತೊಡೆ ಮತ್ತು ಪೃಷ್ಠದವು. 6.1 ಅಂದರೆ ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಅಂಚಿನಲ್ಲಿದ್ದೀರಿ (5.7ರಿಂದ 6.4ರವರೆಗೆ ಅಂಚು). ಅದಕ್ಕೇ ನಾನು ನಡಿಗೆಗಿಂತ ಜಾಸ್ತಿ ಒತ್ತು ಕೊಡುವುದು ಸ್ನಾಯು ಬಲಕ್ಕೆ. ಎಲ್ಲರೂ ಬಿಡುವುದೂ ಇದನ್ನೇ.

ವಾರಕ್ಕೆ ಎರಡು ದಿನ ಸಾಕು, ನಡುವೆ ಒಂದೆರಡು ದಿನ ಬಿಡುವಿರಲಿ. ಬುಧವಾರ, ಭಾನುವಾರ ಅಂದುಕೊಳ್ಳಿ. ಅನ್ನಕ್ಕಿಟ್ಟು ಕುಕ್ಕರ್ ಕೂಗುವುದರೊಳಗೆ ಅರ್ಧ ಮುಗಿಯುತ್ತದೆ. ಗೋಡೆಗೆ ಒರಗಿಸಿದ ಕುರ್ಚಿಯಿಂದ ಕೈ ಊರದೆ ಏಳುವುದು, ಮೂರು ಎಣಿಸುತ್ತಾ ನಿಧಾನವಾಗಿ ಕೂರುವುದು. ಎಂಟು ಸಲ. ದೊಪ್ಪನೆ ಕೂತರೆ ಅರ್ಧ ದಂಡ, ನಿಧಾನವಾಗಿ ಕೂರುವಾಗಲೂ ತೊಡೆಗೆ ಕೆಲಸ ಇದೆ. ಆಮೇಲೆ ಗೋಡೆಗೆ ಅಂಗೈ ಕೊಟ್ಟು ಎದೆ ಹತ್ತಿರ ತಂದು ತಳ್ಳುವುದು, ಎಂಟು. ಒಂದು ಕೈ ಮೇಜಿಗೆ ಊರಿ ಬಗ್ಗಿ, ಇನ್ನೊಂದು ಕೈಯಲ್ಲಿ ಎರಡು ಕೆಜಿ ರಾಗಿ ಇಟ್ಟ ಚೀಲವನ್ನು ಸೊಂಟದವರೆಗೆ ಎಳೆಯುವುದು, ಎರಡೂ ಕೈಗೆ. ಚಾಪೆ ಮೇಲೆ ಅಂಗಾತ ಮಲಗಿ, ಮಂಡಿ ಮಡಚಿ, ಸೊಂಟ ಎತ್ತಿ ಇಳಿಸುವುದು. ಇಷ್ಟನ್ನೂ ಎರಡು ಸುತ್ತು. ಹನ್ನೆರಡು ಸಲ ಸಲೀಸಾಗಿ ಆಗುತ್ತಿದೆ ಅನಿಸಿದ ದಿನ ಭಾರ ಹೆಚ್ಚಿಸಿ. ಚೀಲಕ್ಕೆ ಇನ್ನೊಂದು ಕೆಜಿ ಹಾಕಿ, ಏಳುವಾಗ ಅದೇ ಚೀಲವನ್ನು ಎದೆಗವಚಿಕೊಳ್ಳಿ.

ಮಂಡಿ ನೋವಿಗೆ ಬಹುಶಃ ಆ ವಿಡಿಯೊದ ಹಾರುವುದು, ಕುಪ್ಪಳಿಸುವುದೇ ಕಾರಣ. ಅದನ್ನು ಬಿಡಿ, ವ್ಯಾಯಾಮ ಬಿಡಬೇಡಿ. ಕುರ್ಚಿ ಮೇಲೆ ದಿಂಬಿಟ್ಟು ಎತ್ತರ ಮಾಡಿಕೊಂಡರೆ ಮಂಡಿಗೆ ಹೊರೆ ಕಡಿಮೆ. ಮಾಡುವಾಗ ಸಣ್ಣ ನೋವಿದ್ದು ಮರುದಿನ ಬೆಳಿಗ್ಗೆ ಇಲ್ಲವಾದರೆ ಚಿಂತೆಯಿಲ್ಲ. ಊತ ಬಂದರೆ, ಮಂಡಿ ಹಿಡಿದುಕೊಂಡರೆ ಮೂಳೆ ಡಾಕ್ಟರ್‌ಗೆ ತೋರಿಸಿ. ಎದೆ ಹಿಂಡಿದಂತೆ ಆದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ, ತಡಮಾಡದೆ ಡಾಕ್ಟರ್ ಹತ್ತಿರ ಹೋಗಿ.

ಈ ಭಾಗದ ಓದುಗರಿಗೆ ಇನ್ನೊಂದು ಮಾತು. ಪಾವಗಡ, ಬಾಗೇಪಲ್ಲಿ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಅದು ವರ್ಷಗಟ್ಟಲೆ ಮೂಳೆಗೆ ಸೇರಿ ಬಿಗಿತ ತರಬಹುದು. ಅಂಥ ನೀರು ಕುಡಿದು ಬೆಳೆದವರಿಗೆ ಬೆನ್ನು, ಕತ್ತು ಮರಗಟ್ಟಿದಂತೆ ಬಿಗಿಯಾಗಿದ್ದರೆ ಅದು ವ್ಯಾಯಾಮವಿಲ್ಲದ ಬಿಗಿತ ಅಂತ ತಿಳಿದು ಜೋರಾಗಿ ಬಗ್ಗಿಸಲು ಹೋಗಬೇಡಿ. ಮೊದಲು ಪರೀಕ್ಷೆ ಆಗಲಿ.

ರೈಲಿನಲ್ಲಿ ಸೀಟು ಸಿಕ್ಕಿತು ಅಂತ ಕೊನೆಯವರೆಗೂ ಕೂರಬೇಡಿ. ಚಿಕ್ಕಬಾಣಾವರ ಬಂದಾಗ ಎದ್ದು ನಿಂತುಬಿಡಿ. ಅದು ವ್ಯಾಯಾಮವಲ್ಲ, ಆದರೂ ಕಾಲಿಗೆ ಆರಾಮ.

ಹಬ್ಬ, ಜ್ವರ, ಮಕ್ಕಳ ಪರೀಕ್ಷೆ ಅಂತ ಒಂದು ವಾರ ತಪ್ಪಿದರೆ ಮುಂದಿನ ವಾರ ಎರಡರಷ್ಟು ಮಾಡಲು ಹೋಗಬೇಡಿ, ಮಾಡುತ್ತಿದ್ದಷ್ಟೇ ಮಾಡಿ. ಎಚ್‌ಬಿಎ1ಸಿಯನ್ನು ಮೂರು ತಿಂಗಳಾದ ಮೇಲೆ ಮತ್ತೆ ಮಾಡಿಸಿ. ತಿಂಗಳಿಗೇ ಮಾಡಿಸಿದರೆ ಪೂರ್ತಿ ವ್ಯತ್ಯಾಸ ಕಾಣುವುದಿಲ್ಲ, ದುಡ್ಡೂ ದಂಡ.