ಡಬ್ಬಿ ಮೇಲಿನ ಲೆಕ್ಕ ನಂಬಲಾ, ಭಾವಮೈದನ ಮಾತು ನಂಬಲಾ?

ಪ್ರಶ್ನೆ: ಶಿಡ್ಲಘಟ್ಟದಲ್ಲಿ ನಮ್ಮದೊಂದು ಚಿಕ್ಕ ಫಿಲೇಚರ್ (ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಘಟಕ) ಇದೆ. ಗೂಡಿನ ಹರಾಜು, ದುಡ್ಡು ಕಳಿಸೋದು, ವ್ಯಾಪಾರಿಗೆ ನೂಲಿನ ಫೋಟೊ ಹಾಕೋದು ಎಲ್ಲ ಫೋನ್‌ನಲ್ಲೇ. ಈಗ ಹಳೇ ಫೋನ್ ಕೈಕೊಟ್ಟಿದೆ. 15 ಸಾವಿರದೊಳಗೆ ಎರಡು ನೋಡಿದ್ದೇನೆ. ಒಂದರಲ್ಲಿ 108 ಮೆಗಾಪಿಕ್ಸೆಲ್ ಕ್ಯಾಮೆರಾ, 16 ಜಿಬಿ ರ‍್ಯಾಮ್ (8+8 ಅಂತ ಬರೆದಿದೆ), 6000 ಎಂಎಎಚ್ ಬ್ಯಾಟರಿ. ಇನ್ನೊಂದರಲ್ಲಿ 50 ಮೆಗಾಪಿಕ್ಸೆಲ್, 6 ಜಿಬಿ, 5000. ಮಗನಿಗೆ ಮೊದಲನೆಯದೇ ಬೇಕು. ಬೆಂಗಳೂರಲ್ಲಿರುವ ಭಾವಮೈದ ನಾಲ್ಕು ತಿಂಗಳಿಂದ ಎರಡನೆಯದನ್ನು ಬಳಸ್ತಿದ್ದಾನೆ, ಕಣ್ಣು ಮುಚ್ಚಿ ತಗೊಳ್ಳಿ ಅಂತಾನೆ. ಯಾರ ಮಾತು ಕೇಳಲಿ?
– ಒಬ್ಬ ರೀಲರ್, ಶಿಡ್ಲಘಟ್ಟ

ಉತ್ತರ: ಫೋನ್ ಆಮೇಲೆ ನೋಡೋಣ, ಮೊದಲು ನಿಮ್ಮ ಬೆರಳು ನೋಡಿಕೊಳ್ಳಿ. ತಮಾಷೆಗೆ ಹೇಳ್ತಿಲ್ಲ. ಬಿಸಿನೀರಿನ ಬೇಸಿನ್‌ನಲ್ಲಿ ಗೂಡಿನ ಎಳೆ ಹುಡುಕಿದ ಬೆರಳು ಸಂಜೆ ಹೊತ್ತಿಗೆ ಸುಕ್ಕುಗಟ್ಟಿರುತ್ತದೆ. ಬೆಳಿಗ್ಗೆ ನೋಂದಾಯಿಸಿದ ಬೆರಳಚ್ಚು ಆಗ ಫೋನ್‌ಗೆ ಗುರುತೇ ಸಿಗುವುದಿಲ್ಲ. ಒದ್ದೆ ಕೈಗೆ ಪರದೆಯೂ ತಬ್ಬಿಬ್ಬಾಗುತ್ತದೆ. ನಮ್ಮ ಬೆರಳು ವಿದ್ಯುತ್ತಿಗೆ ಸ್ಪಂದಿಸುವುದನ್ನು ಗ್ರಹಿಸಿ ಅದು ಕೆಲಸ ಮಾಡುತ್ತದೆ, ನೀರಿನ ಹನಿಯೂ ಅದಕ್ಕೆ ಬೆರಳಿನ ಹಾಗೇ ಕಾಣುತ್ತದೆ. ಹರಾಜಿನ ಹೊತ್ತಲ್ಲಿ ಹೀಗಾದರೆ ಒಳ್ಳೇ ಲಾಟು ಇನ್ನೊಬ್ಬರ ಪಾಲು.

ಡಬ್ಬಿ ಮೇಲೆ ಇದರ ಬಗ್ಗೆ ಇರುವುದು ಒಂದೇ ಸಾಲು: ಫಿಂಗರ್‌ಪ್ರಿಂಟ್ ಸೆನ್ಸರ್ ಇದೆ. ನಿಮ್ಮ ಭಾವಮೈದ ಬೇಸಿನ್‌ನಲ್ಲಿ ಕೈ ಅದ್ದುವವರಲ್ಲದಿದ್ದರೆ ಅವರಿಗೂ ಇದು ಗೊತ್ತಿರಲ್ಲ. ಹಾಗಾಗಿ ಅನುಭವ ಕೇಳಲೇಬೇಕು, ಆದರೆ ನಿಮ್ಮ ಹಾಗೇ ಬಾಳುವವರನ್ನು ಕೇಳಬೇಕು. ಪಕ್ಕದ ಫಿಲೇಚರ್‌ನವರ ಹತ್ತಿರ ಆ ಫೋನ್ ಇದ್ದರೆ, ಕೆಲಸ ಮುಗಿದ ಮೇಲೆ ಅದು ಹೇಗೆ ತೆರೆಯುತ್ತದೆ ಅಂತ ಹೋಗಿ ನೋಡಿ. ಯಾವುದೇ ಫೋನ್ ತಗೊಂಡರೂ ಒಂದೇ ಬೆರಳನ್ನು ಎರಡು ಸಲ ನೋಂದಾಯಿಸಿ, ಬೆಳಿಗ್ಗೆ ಒಣಗಿರುವಾಗ ಒಮ್ಮೆ, ಸಂಜೆ ಕೈ ಒರೆಸಿಕೊಂಡ ಮೇಲೆ ಒಮ್ಮೆ. ಎಷ್ಟೋ ವಾಸಿಯಾಗುತ್ತದೆ.

ಇನ್ನು ಮಗ ತೋರಿಸುತ್ತಿರುವ ಅಂಕಿಗಳು. 108 ಮೆಗಾಪಿಕ್ಸೆಲ್ ಕ್ಯಾಮೆರಾ ಮಾಮೂಲಿಯಾಗಿ ಒಂಬತ್ತು ಪಿಕ್ಸೆಲ್ ಸೇರಿಸಿ ಒಂದು ಮಾಡಿ 12 ಮೆಗಾಪಿಕ್ಸೆಲ್ ಫೋಟೊ ಕೊಡುತ್ತದೆ. 50ರ ಕ್ಯಾಮೆರಾ ನಾಲ್ಕು ಸೇರಿಸಿ ಒಂದು ಮಾಡುತ್ತದೆ. ಅದರ ಫೋಟೊನೂ ಹೆಚ್ಚುಕಮ್ಮಿ 12ಕ್ಕೇ ಬಂದು ನಿಲ್ಲುತ್ತದೆ. ಅಷ್ಟರ ಮೇಲೆ ವಾಟ್ಸ್‌ಆ್ಯಪ್ ಅದನ್ನು ಇನ್ನೂ ಹಿಂಡುತ್ತದೆ. ನಿಮಗೆ ಬೇಕಿರುವುದು ನೂಲಿನ ಲಡಿಯ ಬಣ್ಣ ಇದ್ದ ಹಾಗೇ ಕಾಣುವುದು ಅಲ್ವಾ? ಒಂದು ಲಡಿ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ. ಟ್ಯೂಬ್‌ಲೈಟ್ ಕೆಳಗೆ ಒಂದು, ಬಾಗಿಲ ಹತ್ತಿರ ಒಂದು ಫೋಟೊ ತೆಗೆದು ಲಡಿ ಪಕ್ಕದಲ್ಲೇ ಹಿಡಿದು ನೋಡಿ. ಅಂಗಡಿಯವರು ನಕ್ಕರೆ ನಗಲಿ.

8+8 ಅನ್ನುವುದು ನನಗೆ ಸ್ವಲ್ಪ ಸಿಟ್ಟು ಬರಿಸುವ ಲೆಕ್ಕ. ನಿಜವಾದ ರ‍್ಯಾಮ್ ಅದರಲ್ಲಿ ಎಂಟೇ. ಉಳಿದ ಎಂಟನ್ನು ಸ್ಟೋರೇಜ್‌ನಿಂದ ಸಾಲ ತಂದಿರುತ್ತಾರೆ. ಸ್ಟೋರೇಜ್ ರ‍್ಯಾಮ್‌ನಷ್ಟು ವೇಗವಾಗಿ ಓಡುವುದಿಲ್ಲ. ನಿಮ್ಮ ಪಕ್ಕದ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುವ ಕಾರ್ಖಾನೆ ಇದೆ, ಗೊತ್ತಲ್ಲ. ಆ ಫೋನ್‌ನ ಡಬ್ಬಿ ಮೇಲೆ ರ‍್ಯಾಮ್ ಎಷ್ಟು ಅಂತ ಬರೆಯುವುದೇ ಇಲ್ಲ. ಆದರೂ ಜನ ಮುಗಿಬಿದ್ದು ತಗೊಳ್ತಾರೆ.

ಹಾಗಂತ ವಿವರಪಟ್ಟಿಯನ್ನು ಸುಮ್ನೆ ಮೂಲೆಗೆ ಎಸೆಯಬೇಡಿ. ನಾಲ್ಕು ತಿಂಗಳ ಅನುಭವಕ್ಕೂ ಸಿಗದ ವಿಷಯಗಳಿವೆ. ಹೊಸದರಲ್ಲಿ ಯಾವ ಫೋನ್ ಆದರೂ ಚೆನ್ನಾಗೇ ಓಡುತ್ತದೆ. ಎರಡು ವರ್ಷದ ಮೇಲೆ ಫೋಟೊ, ವಿಡಿಯೊ ತುಂಬಿದಾಗ ಅದರ ಬಣ್ಣ ಬಯಲಾಗುವುದು. ಆಗ ದೊಡ್ಡ ವ್ಯತ್ಯಾಸ ಮಾಡುವುದು ಸ್ಟೋರೇಜ್‌ನ ಬಗೆ. ಇಎಂಎಂಸಿ ಅಂತ ಇದ್ದರೆ ನಿಧಾನ, ಯುಎಫ್‌ಎಸ್ ಅಂತ ಇದ್ದರೆ ವೇಗ. ಕಡಿಮೆ ಬೆಲೆಯ ಫೋನ್‌ಗಳಲ್ಲಿ ಸಿಗುವ ಯುಎಫ್‌ಎಸ್ 2.2 ಕೂಡ ಓದುವ ವೇಗದಲ್ಲಿ ಇಎಂಎಂಸಿಯನ್ನು ಎಷ್ಟೋ ಮೀರುತ್ತದೆ. ಡಬ್ಬಿ ಮೇಲೆ ಇದನ್ನು ದಪ್ಪಕ್ಷರದಲ್ಲಿ ಯಾರೂ ಹಾಕುವುದಿಲ್ಲ, ಕಂಪನಿಯ ವೆಬ್‌ಸೈಟ್‌ನಲ್ಲಿ ಕೆಳಗೆಲ್ಲೋ ಇರುತ್ತದೆ. ಹುಡುಕುವ ಕೆಲಸ ಮಗನಿಗೇ ಹಚ್ಚಿ.

ಅದೇ ಜಾಗದಲ್ಲಿ ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಕೊಡ್ತಾರೆ ಅನ್ನುವುದನ್ನೂ ನೋಡಿ. ಗೂಡಿನ ದುಡ್ಡೆಲ್ಲ ಇದೇ ಫೋನ್ ಮೇಲೆ ಓಡಾಡುವುದರಿಂದ ನಿಮ್ಮ ಮಟ್ಟಿಗೆ ಇದು ಕ್ಯಾಮೆರಾಗಿಂತ ಜಾಸ್ತಿ ಮುಖ್ಯ. ನಿಮ್ಮ ಸಿಮ್ ಜಿಯೊದ್ದಾಗಿದ್ದರೆ 5ಜಿ ಬ್ಯಾಂಡ್‌ಗಳ ಸಾಲಿನಲ್ಲಿ ಎನ್28 ಇದೆಯಾ ಅಂತಲೂ ನೋಡಿ. ಅದು 700 ಮೆಗಾಹರ್ಟ್ಸ್‌ನದು, ಗೋಡೆ ದಾಟಿ ಒಳಗೆ ಬರುವುದರಲ್ಲಿ ಉಳಿದವಕ್ಕಿಂತ ಮೇಲು.

ಬ್ಯಾಟರಿ ವಿಷಯದಲ್ಲಿ ಮಾತ್ರ ಮಗನ ಮಾತಲ್ಲಿ ಹುರುಳಿದೆ. 6000 ಅನ್ನುವುದು 5000ಕ್ಕಿಂತ ದೊಡ್ಡದೇ. ಆದರೆ ಪ್ರೊಸೆಸರ್ ಹಳೇ ಬಗೆಯದಾಗಿದ್ದರೆ ಆ ಲಾಭ ಅಲ್ಲೇ ಕರಗುತ್ತದೆ. ಸಿಗ್ನಲ್ ಕಮ್ಮಿ ಇರುವ ಕಡೆ ಫೋನ್ ಟವರ್ ಮುಟ್ಟಲು ಜಾಸ್ತಿ ಶಕ್ತಿ ಹಾಕುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಬೆಂಗಳೂರಿನಲ್ಲಿ ಒಂದು ದಿನ ಬರುವ ಫೋನ್ ನಿಮ್ಮ ಶೀಟಿನ ಶೆಡ್‌ನೊಳಗೂ ಅಷ್ಟೇ ಬರಬೇಕು ಅಂತಿಲ್ಲ.

ಪರದೆಯ ಬೆಳಕಿಗೆ ಸಾವಿರಗಟ್ಟಲೆ ನಿಟ್ಸ್ ಅಂತ ಬರೆದಿರುತ್ತಾರೆ. ಬಹಳ ಸಲ ಅದು ಪರದೆಯ ಒಂದು ಚಿಕ್ಕ ಭಾಗ ಕ್ಷಣಕಾಲ ಬೆಳಗಿದಾಗಿನ ಅಂಕಿ. ಅಂಗಡಿಯಿಂದ ಬಿಸಿಲಿಗೆ ತಂದು ನೋಡಿ, ಸಾಕು.

ನನ್ನ ಓಟು ಎರಡನೆಯದಕ್ಕೆ, ಅದರ ಸ್ಟೋರೇಜ್ ಯುಎಫ್‌ಎಸ್ ಆಗಿದ್ದು, ಕನಿಷ್ಠ ಮೂರು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಇದ್ದರೆ. ಎರಡರಲ್ಲಿ ಒಂದು ತಪ್ಪಿದರೂ ಅದನ್ನೂ ಬಿಟ್ಟು ಮೂರನೆಯದು ಹುಡುಕಿ, ಭಾವಮೈದ ಬೇಜಾರು ಮಾಡಿಕೊಳ್ಳಲ್ಲ. ಮಗನಿಗೆ ಮೊದಲನೆಯದು ಬೇಕಿರುವುದು ಗೇಮ್‌ಗೆ ಅನ್ನುವುದು ನನ್ನ ಗುಮಾನಿ, ಅದನ್ನು ಮನೆಯಲ್ಲೇ ಬಗೆಹರಿಸಿಕೊಳ್ಳಿ. ತಗೊಳ್ಳುವ ದಿನ ಜಿಎಸ್‌ಟಿ ಬಿಲ್ ಕೇಳಿ, *#06# ಒತ್ತಿ ಬರುವ ಐಎಂಇಐ ನಂಬರನ್ನು (ಪ್ರತಿ ಫೋನ್‌ಗೂ ಇರುವ ಗುರುತಿನ ಸಂಖ್ಯೆ) ಬಿಲ್ ಜೊತೆ ತಾಳೆ ನೋಡಿಯೇ ದುಡ್ಡು ಕೊಡಿ.