ಸಂಪಾದಕರ ಉತ್ತರ: ನಾವು ಕತ್ತರಿಸಿ ಎಸೆದ ವಚನಗಳು

ಗದಗಿನಿಂದ ಓದುಗ ಸಹೋದರಿಯೊಬ್ಬರು ಪತ್ರ ಬರೆದಿದ್ದಾರೆ. ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರದ 6ನೇ ಅಧ್ಯಾಯದ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಲೇಖನ ಅವರಿಗೆ ಹಿಡಿಸಿಲ್ಲ. ಪತ್ರದ ಮುಖ್ಯ ಭಾಗ ಇದು:

"ಕರ್ತನ ನಾಮದಲ್ಲಿ ವಂದನೆಗಳು. ನಿಮ್ಮ ಪತ್ರಿಕೆಯಲ್ಲಿ ಇತ್ತೀಚೆಗೆ ಎಚ್ಚರಿಕೆಯ ಮಾತೇ ಜಾಸ್ತಿ. ಬಿದ್ದುಹೋದವರನ್ನು ತಿರುಗಿ ಮಾನಸಾಂತರಕ್ಕೆ ತರುವುದು ಅಸಾಧ್ಯ ಅನ್ನುವ ಲೇಖನವನ್ನು ನಮ್ಮ ಅತ್ತೆಯವರಿಗೆ ಓದಿ ಹೇಳಿದೆ. ಎಂಬತ್ತರ ಹತ್ತಿರದ ಜೀವ, ಆ ರಾತ್ರಿ ಕಣ್ಣು ಮುಚ್ಚಲಿಲ್ಲ. ಹೋದ ವರ್ಷ ನನ್ನ ತಮ್ಮನಿಗೆ ಬೈಕ್ ಅಪಘಾತವಾದಾಗ ಹೊರಗಿನಿಂದ ಬಂದ ಪ್ರಸಂಗಿಯೊಬ್ಬರು, 'ನಿಮ್ಮ ಮನೆಯಲ್ಲಿ ಯಾವುದೋ ಪಾಪ ಮುಚ್ಚಿಟ್ಟಿದ್ದೀರಿ, ಇದು ದೇವರ ಎಚ್ಚರಿಕೆ' ಅಂದು ಹೋದರು. ಆ ನೋವೇ ಇನ್ನೂ ಆರಿಲ್ಲ. ದೇವರು ಪ್ರೀತಿಸ್ವರೂಪಿ ಅಲ್ವಾ? ವಾರವಿಡೀ ಕಷ್ಟಪಟ್ಟು ಭಾನುವಾರ ಚರ್ಚಿಗೆ ಬರುವ ಜನಕ್ಕೆ ಸಮಾಧಾನದ ನಾಲ್ಕು ಮಾತು ಸಾಕು. ಹೆದರಿಸುವುದನ್ನು ಬಿಡಿ."

ಸಹೋದರಿ, ನಿಮಗೂ ವಂದನೆಗಳು. ಪತ್ರಿಕೆಯನ್ನು ಮನೆಯ ಹಿರಿಯರಿಗೆ ಕೂತು ಓದಿ ಹೇಳುವ ಸೊಸೆಯಂದಿರು ಈಗ ಎಷ್ಟು ಜನ ಇದ್ದಾರೆ? ಅದನ್ನು ತಿಳಿದು ತುಂಬ ಸಂತೋಷವಾಯಿತು. ಸಿಟ್ಟನ್ನು ಒಳಗಿಟ್ಟುಕೊಳ್ಳದೆ ಬರೆದಿದ್ದೀರಿ, ಅದೂ ಒಳ್ಳೆಯದೇ.

ಮೊದಲು ನಿಮ್ಮ ತಮ್ಮನ ವಿಷಯ. ಆ ಪ್ರಸಂಗಿ ಹೇಳಿದ್ದು ತಪ್ಪು. ಅಂಥ ಮಾತನ್ನು ಯೇಸುವೇ ತಡೆದಿದ್ದಾರೆ. ಲೂಕ 13ನೇ ಅಧ್ಯಾಯ ತೆಗೆಯಿರಿ. ಗಲಿಲಾಯದ ಕೆಲವರು ದೇವರಿಗೆ ಬಲಿ ಅರ್ಪಿಸುತ್ತಿದ್ದಾಗಲೇ ರೋಮಿನ ಅಧಿಪತಿ ಪಿಲಾತನು ಅವರನ್ನು ಕೊಲ್ಲಿಸಿದ ಸುದ್ದಿಯನ್ನು ಜನ ತಂದು ಹೇಳುತ್ತಾರೆ. ಅವರು ಉಳಿದವರಿಗಿಂತ ದೊಡ್ಡ ಪಾಪಿಗಳು ಅಂದುಕೊಂಡಿರಾ ಅಂತ ಯೇಸು ಕೇಳುತ್ತಾರೆ. ತಾವೇ ಇನ್ನೊಂದು ಘಟನೆ ಸೇರಿಸುತ್ತಾರೆ. ಸಿಲೊವಾಮಿನಲ್ಲಿ ಬುರುಜು ಬಿದ್ದು 18 ಜನ ಸತ್ತರಲ್ಲ, ಯೆರೂಸಲೇಮಿನ ಬೇರೆಯವರಿಗಿಂತ ಅವರ ತಪ್ಪು ಜಾಸ್ತಿ ಇತ್ತಾ? ಎರಡಕ್ಕೂ ಉತ್ತರ ಒಂದೇ, ಇಲ್ಲ. ಆಸ್ಪತ್ರೆಯ ಹಾಸಿಗೆ ಪಕ್ಕ ನಿಂತು ಪಾಪದ ಲೆಕ್ಕ ಕೇಳುವವರು ಈ ಅಧ್ಯಾಯವನ್ನು ಓದಿಲ್ಲ.

ಆದರೆ ಯೇಸು ಅಲ್ಲಿಗೆ ನಿಲ್ಲಿಸುವುದಿಲ್ಲ. ನೀವು ದೇವರ ಕಡೆಗೆ ತಿರುಗಿಕೊಳ್ಳದಿದ್ದರೆ ನಿಮಗೂ ಅದೇ ಗತಿ ಅನ್ನುತ್ತಾರೆ. ಯಾರಿಗೆ? ಸುದ್ದಿ ತಂದವರಿಗೆ. ಸತ್ತವರ ಬಗ್ಗೆ ಮಾತಾಡಲು ಬಂದವರಿಗೆ. ಸಹೋದರಿ, ನನ್ನ ನಂಬಿಕೆಯೆಲ್ಲ ಇಲ್ಲೇ ಇದೆ. ಸತ್ಯವೇದದ ಎಚ್ಚರಿಕೆ ಬಿದ್ದವರ ಮೇಲೆ ಹೇರುವುದಕ್ಕೆ ಇರುವುದಲ್ಲ. ಅದು ನೆಟ್ಟಗೆ ನಿಂತು ಕೇಳುತ್ತಿರುವವರಿಗೆ, ಅದರಲ್ಲೂ ದೇವರ ಮನೆಯವರಿಗೆ. ಒಬ್ಬರು ಅದನ್ನು ನಿಮ್ಮ ಮನೆಯಲ್ಲಿ ತಪ್ಪಾಗಿ ಬಳಸಿದರು ಅಂತ ನಾವೆಲ್ಲ ಅದನ್ನು ಕೈಬಿಡಬೇಕಾ?

ಲೋಕದ ಅಂತ್ಯಕ್ಕೆ ದಿನಾಂಕ ಕೊಡುವವರ ಮಾತೂ ಇಷ್ಟೇ. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಅವರ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕರ್ತನು ಬರುತ್ತಾನೆ ಅಂತ ಕಾದರು. 2011ರ ಮೇ 21 ಅಂತ ಅದೇ ದೇಶದ ಹೆರಾಲ್ಡ್ ಕ್ಯಾಂಪಿಂಗ್ ರೇಡಿಯೊದಲ್ಲಿ ಸಾರಿದರು. ಎರಡು ದಿನವೂ ಬಂದು ಹೋದವು. ಆ ದಿನ ತಂದೆಗೆ ಮಾತ್ರ ಗೊತ್ತು ಅಂತ ಮತ್ತಾಯ 24ರಲ್ಲಿ ಬರೆದಿದೆ, ಸಾಕು.

ನನಗೆ ಜಾಸ್ತಿ ಭಯ ಇರುವುದು ಇವರ ಬಗ್ಗೆ ಅಲ್ಲ. ಯೆರೆಮೀಯ 36ನೇ ಅಧ್ಯಾಯದ ಯೆಹೂದದ ಅರಸನ ಬಗ್ಗೆ. ಚಳಿಗಾಲ. ಯೆಹೋಯಾಕೀಮ ಚಳಿಗಾಲದ ಅರಮನೆಯಲ್ಲಿ ಕೂತಿದ್ದಾನೆ, ಮುಂದೆ ಅಗ್ಗಿಷ್ಟಿಗೆ ಉರಿಯುತ್ತಿದೆ. ಪ್ರವಾದಿ ಯೆರೆಮೀಯ ಹೇಳಿ ಅವನ ಬರಹಗಾರ ಬಾರೂಕ ಬರೆದ ಸುರುಳಿಯನ್ನು ಆಸ್ಥಾನದವನೊಬ್ಬ ಓದುತ್ತಿದ್ದಾನೆ. ಮೂರು ನಾಲ್ಕು ಅಂಕಣ ಮುಗಿದ ಕೂಡಲೇ ಅರಸ ಚೂರಿಯಿಂದ ಅಷ್ಟನ್ನು ಕತ್ತರಿಸಿ ಬೆಂಕಿಗೆ ಎಸೆಯುತ್ತಾನೆ. ಮತ್ತೆ ಓದುತ್ತಾರೆ, ಮತ್ತೆ ಕತ್ತರಿಸುತ್ತಾನೆ. ಇಡೀ ಸುರುಳಿ ಹೀಗೇ ಸುಟ್ಟುಹೋಯಿತು. ಸಿಟ್ಟಿನಲ್ಲಿ ಒಮ್ಮೆಲೇ ಎಸೆದಿದ್ದರೆ ಬೇರೆ ಮಾತು. ಇವನು ಬೆಂಕಿ ಕಾಯಿಸಿಕೊಳ್ಳುತ್ತ, ಆರಾಮಾಗಿ, ಕೇಳಿ ಕೇಳಿ ಸುಟ್ಟ.

ಸುಡಬೇಡಿ ಅಂತ ಬೇಡಿಕೊಂಡವರು ಮೂವರು. ಅವರಲ್ಲೊಬ್ಬ ಗೆಮರ್ಯ, ಲೇಖಕ ಶಾಫಾನನ ಮಗ. ಈ ಶಾಫಾನ ಯಾರು ಗೊತ್ತಾ? ಇಪ್ಪತ್ತು ವರ್ಷಕ್ಕಿಂತ ಕಡಿಮೆ ಹಿಂದೆ, ದೇವಾಲಯದಲ್ಲಿ ಸಿಕ್ಕ ಧರ್ಮಶಾಸ್ತ್ರದ ಗ್ರಂಥವನ್ನು ಇದೇ ಯೆಹೋಯಾಕೀಮನ ಅಪ್ಪ ಯೋಷೀಯನಿಗೆ ಓದಿ ಹೇಳಿದವನು. ಅಪ್ಪ ಅದನ್ನು ಕೇಳಿ ತನ್ನ ಬಟ್ಟೆ ಹರಿದುಕೊಂಡ. ಈಗ ನಾವೇನು ಮಾಡಬೇಕು ಅಂತ ಪ್ರವಾದಿನಿ ಹುಲ್ದಳ ಹತ್ತಿರ ಆಳು ಕಳಿಸಿದ. ಅದೇ ರಾಜವಂಶ, ಎದುರಿಗಿದ್ದ ಲೇಖಕನ ಮನೆತನವೂ ಅದೇ. ಅಪ್ಪ ಹರಿದದ್ದು ತನ್ನ ಬಟ್ಟೆಯನ್ನು, ಮಗ ಕತ್ತರಿಸಿದ್ದು ದೇವರ ಮಾತನ್ನು.

ಮಗನಿಗೆ ಅಷ್ಟು ಚುಚ್ಚಿದ್ದು ಏನಿರಬಹುದು? ಅದೇ ಪುಸ್ತಕದ 22ನೇ ಅಧ್ಯಾಯ ಓದಿದರೆ ಗೊತ್ತಾಗುತ್ತದೆ. ಅವನು ದೇವದಾರಿನ ಹಲಗೆ ಹೊದಿಸಿ, ಕೆಂಪು ಬಣ್ಣ ಬಳಿಸಿ ದೊಡ್ಡ ಮನೆ ಕಟ್ಟಿಸುತ್ತಿದ್ದ. ದುಡಿದವರಿಗೆ ಕೂಲಿ ಕೊಟ್ಟಿರಲಿಲ್ಲ. ನಿನ್ನ ಅಪ್ಪನೂ ಉಂಡು ಕುಡಿದು ಚೆನ್ನಾಗಿಯೇ ಇದ್ದ, ಆದರೂ ಬಡವನಿಗೆ ನ್ಯಾಯ ಮಾಡಿದ, ನನ್ನನ್ನು ಅರಿಯುವುದು ಅಂದರೆ ಅದೇ ಅಲ್ವಾ ಅಂತ ದೇವರು ಕೇಳುತ್ತಾರೆ. ಇದನ್ನು ಕೇಳಿದ ಮೇಲೂ ಅವನು ಬದಲಾಗಲಿಲ್ಲ. ಕ್ರಿ.ಪೂ. 586ರಲ್ಲಿ ಬಾಬೆಲಿನವರು ಯೆರೂಸಲೇಮನ್ನು ಸುಟ್ಟರು. ಸುರುಳಿ ಮಾತ್ರ ಉಳಿಯಿತು. ಬಾರೂಕ ಅದನ್ನು ಮೊದಲಿಂದ ಬರೆದ, ಇನ್ನಷ್ಟು ಮಾತು ಸೇರಿಸಿಯೇ ಬರೆದ.

ಈಗ ನಮ್ಮ ಕಡೆ ನೋಡಿ. ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ತಟ್ಟೆ ತುಂಬ ವಾಗ್ದಾನದ ಚೀಟಿಗಳು. ಒಬ್ಬೊಬ್ಬರೇ ಬಂದು ಒಂದೊಂದು ಎತ್ತುತ್ತೇವೆ, ದೀಪದ ಕೆಳಗೆ ಹಿಡಿದು ಓದುತ್ತೇವೆ, ಬೈಬಲಿನೊಳಗೆ ಇಟ್ಟುಕೊಳ್ಳುತ್ತೇವೆ. ಯೆರೆಮೀಯ 29:11 ಬಾರದ ವರ್ಷವೇ ಇಲ್ಲ. ನಿಮ್ಮ ವಿಷಯದಲ್ಲಿ ನನ್ನ ಯೋಚನೆಗಳು ಹಿತದ ಯೋಚನೆಗಳು ಅನ್ನುವ ವಚನ. ನನಗೂ ಪ್ರಿಯವೇ. ಆದರೆ ಅದರ ಹಿಂದಿನ ವಚನದಲ್ಲಿ 70 ವರ್ಷ ಸೆರೆಯಲ್ಲೇ ಇರುತ್ತೀರಿ ಅಂತ ಇದೆ. ಅದಕ್ಕೂ ಮುಂಚೆ, ನೀವು ಬಯಸಿದ ಕನಸನ್ನೇ ಹೇಳುವ ಪ್ರವಾದಿಗಳಿಗೆ ಮೋಸಹೋಗಬೇಡಿ ಅಂತ ಇದೆ. ಅವೆರಡೂ ಚೀಟಿಗೆ ಬರುವುದಿಲ್ಲ. ಹೊಲ ಕೊಯ್ದವರಿಂದ ನೀವು ಹಿಡಿದಿಟ್ಟುಕೊಂಡ ಕೂಲಿ ಕೂಗುತ್ತಿದೆ ಅನ್ನುವ ಯಾಕೋಬ 5:4 ನಿಮಗೆ ಯಾವತ್ತಾದರೂ ಬಂದಿದೆಯಾ? ಆ ಚೀಟಿ ಯಾವತ್ತಾದರೂ ತಟ್ಟೆಯಲ್ಲಿ ಇತ್ತಾ? ಚೂರಿ ಹಿಡಿದವರು ನಾವು, ಸಹೋದರಿ. ಬೇಕಾದ ಸಾಲು ಉಳಿಸಿಕೊಂಡು ಮಿಕ್ಕದ್ದನ್ನು ತೆಗೆದುಹಾಕಿದ್ದೇವೆ.

ಮೊದಲು ಹೀಗಿರಲಿಲ್ಲ. ನಾನು ಬೆಳೆದ ಹಳ್ಳಿಯ ಸಭೆಯಲ್ಲಿ ಒಬ್ಬ ಉಪದೇಶಿ ಇದ್ದರು. ಪವಿತ್ರ ಭೋಜನದ, ಅಂದರೆ ಕರ್ತನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತಗೊಳ್ಳುವ ಭಾನುವಾರ ಹತ್ತಿರ ಬಂದರೆ ಮನೆಮನೆಗೆ ಹೋಗುತ್ತಿದ್ದರು. ಒಮ್ಮೆ ನಮ್ಮ ಓಣಿಯ ಅಣ್ಣತಮ್ಮಂದಿರ ಮನೆಗೆ ಬಂದರು. ಹೊಲದ ವ್ಯಾಜ್ಯ, ಅಣ್ಣ ಬಾಂದುಕಲ್ಲು ಸರಿಸಿದ್ದಾನೆ ಅಂತ ಊರಿಗೆಲ್ಲ ಗೊತ್ತು. ಬಾಯಿ ಬಿಟ್ಟು ಹೇಳಿದವರಿಲ್ಲ. ಉಪದೇಶಿಗಳು ಪಡಸಾಲೆಯಲ್ಲಿ ಕೂತರು. ಚಹಾ ಬಂತು. ಮುಟ್ಟಲಿಲ್ಲ. ಬೈಬಲು ಬಿಚ್ಚಿ ಧರ್ಮೋಪದೇಶಕಾಂಡದ ಒಂದೇ ವಚನ ಓದಿದರು. ನೆರೆಯವನ ಗಡಿಕಲ್ಲನ್ನು ಸರಿಸಿದವನು ಶಾಪಗ್ರಸ್ತನು. "ನೀನು ನಾಡಿದ್ದು ಭೋಜನದ ಮೇಜಿಗೆ ಬರಬೇಡಪ್ಪಾ. ನಿನ್ನ ಮೇಲಿನ ಸಿಟ್ಟಿಗೆ ಹೇಳುತ್ತಿಲ್ಲ. ಹೀಗೇ ಬಂದು ತಿಂದರೆ ನಿನಗೆ ಕೇಡು, ಅದನ್ನು ನೋಡುವ ಧೈರ್ಯ ನನಗಿಲ್ಲ" ಅಂದರು. ಚಹಾದ ಮೇಲೆ ಕೆನೆ ಕಟ್ಟಿತ್ತು. ಅಣ್ಣ ಎದ್ದು ಒಳಗೆ ಹೋದ. ಬಹಳ ದಿನ ಚರ್ಚಿನ ಕಡೆ ತಲೆ ಹಾಕಲಿಲ್ಲ. ಸುಗ್ಗಿ ಮುಗಿದ ಮೇಲೆ ಕಲ್ಲು ಹಳೆಯ ಜಾಗದಲ್ಲಿತ್ತು. ಯಾರು ಇಟ್ಟರು ಅಂತ ಯಾರೂ ಕೇಳಲಿಲ್ಲ. ಆ ಉಪದೇಶಿಗಳಿಗೆ ಆ ಮನೆಯ ಮೇಲೆ ಪ್ರೀತಿ ಇರಲಿಲ್ಲ ಅಂತ ಹೇಳಲು ನನ್ನಿಂದ ಆಗುವುದಿಲ್ಲ.

ಇನ್ನೊಂದು ದೂರದ ಕತೆ. 1511ರ ಡಿಸೆಂಬರ್ 21, ಕ್ರಿಸ್ಮಸ್ಸಿಗೆ ಮುಂಚಿನ ಭಾನುವಾರ. ಹಿಸ್ಪಾನಿಯೊಲ ದ್ವೀಪದ ಸಾಂತೊ ಡೊಮಿಂಗೊ, ಈಗಿನ ಡೊಮಿನಿಕನ್ ರಿಪಬ್ಲಿಕ್. ಸ್ಪೇನಿನವರು ಅಲ್ಲಿಯ ಮೂಲನಿವಾಸಿಗಳನ್ನು ಹಂಚಿಕೊಂಡು ಗಣಿಯಲ್ಲಿ, ಹೊಲದಲ್ಲಿ ಸಾಯುವ ತನಕ ದುಡಿಸುತ್ತಿದ್ದರು. ಡೊಮಿನಿಕನ್ ಸನ್ಯಾಸಿ ಅಂತೋನಿಯೊ ದೆ ಮೊಂತೆಸಿನೊಸ್ ಪ್ರಸಂಗಪೀಠ ಹತ್ತಿದರು. ಎದುರಿಗೆ ಕೊಲಂಬಸನ ಮಗ, ರಾಜ್ಯಪಾಲ ಡಿಯೇಗೊ ಕೊಲಂಬಸ್, ಅಧಿಕಾರಿಗಳು, ಒಡೆಯರು. ಇವರೂ ಮನುಷ್ಯರಲ್ವಾ, ಇವರಿಗೂ ಆತ್ಮ ಇಲ್ವಾ ಅಂತ ಕೇಳಿದರು. ನೀವೆಲ್ಲ ಮರಣಕರ ಪಾಪದಲ್ಲಿದ್ದೀರಿ ಅಂದರು. ತಲೆ ತಗ್ಗಿಸದೆ ಇಳಿದು ಹುಲ್ಲು ಹೊದಿಸಿದ ತಮ್ಮ ಮನೆಗೆ ಹೋದರು. ಅಲ್ಲಿ ಎಣ್ಣೆಯಿಲ್ಲದ ಎಲೆಕೋಸಿನ ಸಾರು ಬಿಟ್ಟು ಬೇರೇನೂ ಇರಲಿಕ್ಕಿಲ್ಲ ಅಂತ ಈ ಕತೆ ಬರೆದಿಟ್ಟ ಸ್ಪೇನಿನ ಪಾದ್ರಿ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಹೇಳುತ್ತಾರೆ. ದೊಡ್ಡವರೆಲ್ಲ ಮಠಕ್ಕೆ ನುಗ್ಗಿ, ಮಾತು ವಾಪಸ್ ತಗೊಳ್ಳಿ ಅಂತ ಗದರಿಸಿದರು. ಮಠದ ಹಿರಿಯ ಪೆದ್ರೊ ದೆ ಕೊರ್ದೊಬ, ಅದು ನಮ್ಮೆಲ್ಲರ ಮಾತು ಅಂದರು. ಮುಂದಿನ ಭಾನುವಾರ ಜನ ಕಿಕ್ಕಿರಿದರು. ಮೊಂತೆಸಿನೊಸ್ ಇನ್ನೂ ಗಟ್ಟಿಯಾಗಿ ಅದನ್ನೇ ಹೇಳಿದರು.

ಲಾಸ್ ಕಾಸಾಸ್ ಆಗ ಅದೇ ದ್ವೀಪದಲ್ಲಿದ್ದರು. ಅವರ ಕೈಕೆಳಗೂ ಆ ಜನ ದುಡಿಯುತ್ತಿದ್ದರು. ಒಬ್ಬ ಡೊಮಿನಿಕನ್ ಗುರು ಇದೇ ಕಾರಣಕ್ಕೆ ಅವರಿಗೆ ಪಾಪಕ್ಷಮೆ ಕೊಡಲು ಒಪ್ಪಲಿಲ್ಲ. ಆಗಲೂ ಅವರು ಬದಲಾಗಲಿಲ್ಲ. 1514ರಲ್ಲಿ ಕ್ಯೂಬಾದಲ್ಲಿ ಪಂಚಾಶತ್ತಮ (ಪವಿತ್ರಾತ್ಮ ಇಳಿದುಬಂದ ದಿನದ) ಹಬ್ಬದ ಪ್ರಸಂಗಕ್ಕೆ ಸಿದ್ಧತೆ ಮಾಡುವಾಗ ಸಿರಾಖನ ಗ್ರಂಥದ 34ನೇ ಅಧ್ಯಾಯ ಕಣ್ಣಿಗೆ ಬಿತ್ತು. (ಕಥೋಲಿಕರ ಬೈಬಲಿನಲ್ಲಿ ಇದೆ. ನಮ್ಮವರೂ ಓದಿದರೆ ನಷ್ಟವಿಲ್ಲ.) ಕೂಲಿಯವನ ಕೂಲಿ ಕಿತ್ತುಕೊಳ್ಳುವವನು ರಕ್ತ ಸುರಿಸಿದ ಹಾಗೆ ಅಂತ ಅಲ್ಲಿದೆ. ಅದು ತಮಗೇ ಬರೆದದ್ದು ಅಂತ ಅವರಿಗೆ ಅನಿಸಿತು. ತಮ್ಮ ಪಾಲಿನ ಜನರನ್ನು ಬಿಟ್ಟುಕೊಟ್ಟರು. 1566ರಲ್ಲಿ ಸಾಯುವ ತನಕ ಆ ಜನರ ಪರ ವಾದಿಸಿದರು. ನಡುವೆ, ಆಫ್ರಿಕದಿಂದ ಗುಲಾಮರನ್ನು ತರಬಹುದು ಅಂತ ಸಲಹೆ ಕೊಟ್ಟು ಆಮೇಲೆ ಅದಕ್ಕೂ ಪಶ್ಚಾತ್ತಾಪಪಟ್ಟರು. ಒಮ್ಮೆ ಎಚ್ಚೆತ್ತವರಿಗೂ ಎಚ್ಚರಿಕೆ ಬೇಕಾಗುತ್ತದೆ. ಆ ಭಾನುವಾರ ಮೊಂತೆಸಿನೊಸ್ ಜನಕ್ಕೆ ಹಿತವಾಗುವ ಒಂದು ಪ್ರಸಂಗ ಮಾಡಿ ಇಳಿದಿದ್ದರೆ ಗಣಿಯಲ್ಲಿ ಸಾಯುತ್ತಿದ್ದವರಿಗೆ ಏನು ಸಮಾಧಾನ ಸಿಗುತ್ತಿತ್ತು?

ಸಮಾಧಾನ ಸಾಕು ಅಂತ ಬರೆದಿದ್ದೀರಿ. ಯಾರ ಸಮಾಧಾನ ಅಂತ ಸ್ವಲ್ಪ ಯೋಚಿಸಿ. ವರದಕ್ಷಿಣೆ ಕೊಟ್ಟು ಸಾಲದಲ್ಲಿ ಮುಳುಗಿದ ಅಪ್ಪನೂ ನಿಮ್ಮ ಸಾಲಿನಲ್ಲೇ ಕೂತಿರುತ್ತಾನೆ, ತಗೊಂಡವನೂ ಕೂತಿರುತ್ತಾನೆ. ಸಮಾಧಾನದ ಪ್ರಸಂಗ ಕೇಳಿ ನೆಮ್ಮದಿಯಾಗಿ ಮನೆಗೆ ಹೋಗುವವನು ತಗೊಂಡವನು. ಗೋಡೆಗೆ ಗ್ರಾನೈಟು ಹಾಕಿಸಿ ದಾನಿಗಳ ಹೆಸರು ಕೆತ್ತಿಸುತ್ತೇವೆ. ಅದೇ ಅಂಗಳ ಗುಡಿಸುವ ಹೆಂಗಸಿಗೆ ತಿಂಗಳ ಸಂಬಳ ಮುಂದಿನ ಕಮಿಟಿ ಮೀಟಿಂಗಿನ ತನಕ ಕಾಯಬೇಕು. ಕ್ರಿಸ್ತನಲ್ಲಿ ಎಲ್ಲರೂ ಒಂದೇ ಅಂತ ಹಾಡಿ, ಮದುವೆ ಮಾತು ಬಂದಾಗ ಮೆಲ್ಲಗೆ ಜಾತಿ ಕೇಳುತ್ತೇವೆ. ಇದನ್ನೆಲ್ಲ ಪ್ರಸಂಗದಲ್ಲಿ ಎತ್ತಿದ ಸಭಾಪಾಲಕರ ಗತಿ ಏನಾಗುತ್ತದೆ ಅಂತ ನಾನು ಕಂಡಿದ್ದೇನೆ. ಒಬ್ಬ ಹುಡುಗ ಅಯ್ಯನವರು ವರದಕ್ಷಿಣೆ ವಿರುದ್ಧ ಬಿಡದೆ ಪ್ರಸಂಗ ಮಾಡಿದರು. ಮರುವಾರವೇ ಹಿರಿಯರಿಗೆ ಫೋನುಗಳು ಹೋದವು. ವರ್ಷ ತುಂಬುವ ಮೊದಲೇ ಅವರಿಗೆ ವರ್ಗ ಆಯಿತು. ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿದವರೂ ಆ ಫೋನು ಮಾಡಿದವರೇ. ಆ ಅಯ್ಯನವರ ನಂತರ ಬಂದವರು ಆಶೀರ್ವಾದದ ಮೇಲೆ ಮಾತ್ರ ಪ್ರಸಂಗ ಮಾಡುತ್ತಾರೆ, ಎಲ್ಲರಿಗೂ ಬೇಕಾದವರಾಗಿದ್ದಾರೆ. ಗಾಯವನ್ನು ಮೇಲೆ ಮೇಲೆ ವಾಸಿಮಾಡಿ 'ಸಮಾಧಾನ, ಸಮಾಧಾನ' ಅನ್ನುವವರ ಬಗ್ಗೆ ಯೆರೆಮೀಯ ಅತ್ತದ್ದು ಸುಮ್ನೆ ಅಲ್ಲ.

ಹಾಗಾಗಿ ಈ ಪತ್ರಿಕೆಯಲ್ಲಿ ಎಚ್ಚರಿಕೆಯ ಲೇಖನಗಳು ನಿಲ್ಲುವುದಿಲ್ಲ. ಮುಂದಿನ ಸಂಚಿಕೆಯಲ್ಲಿ ಯಾಕೋಬ 5ನೇ ಅಧ್ಯಾಯದ ಮೇಲೆ ಬರುತ್ತದೆ.

ಇನ್ನು ನಿಮ್ಮ ಅತ್ತೆಯವರು. ಒಂದು ಮಾತು ಕೇಳಲೇ? ಆ ಲೇಖನದ ಎರಡನೇ ಪುಟವನ್ನೂ ಅವರಿಗೆ ಓದಿ ಹೇಳಿದಿರಾ? ಪತ್ರ ನೋಡಿದರೆ ಮೊದಲ ಪುಟಕ್ಕೇ ನಿಲ್ಲಿಸಿದ ಹಾಗಿದೆ. ಇಬ್ರಿಯ 6ರ ಆ ಗಡುಸು ಮಾತು 8ನೇ ವಚನಕ್ಕೆ ಮುಗಿಯುತ್ತದೆ. 9ನೇ ವಚನದಲ್ಲಿ ಬರೆದವರು 'ಪ್ರಿಯರೇ' ಅಂತ ಕರೆದು, ಹೀಗೆ ಮಾತಾಡಿದರೂ ನಿಮ್ಮ ವಿಷಯದಲ್ಲಿ ನಮಗೆ ಒಳ್ಳೆಯ ಭರವಸೆಯೇ ಇದೆ ಅನ್ನುತ್ತಾರೆ. 10ರಲ್ಲಿ, ದೇವರು ಅನ್ಯಾಯ ಮಾಡುವವರಲ್ಲ, ನೀವು ಅವರ ಜನರಿಗೆ ಮಾಡಿದ ಸೇವೆಯನ್ನು, ತೋರಿಸಿದ ಪ್ರೀತಿಯನ್ನು ಮರೆಯುವುದಿಲ್ಲ ಅಂತ ಇದೆ. ದೇವರನ್ನು ಬಿಟ್ಟುಬಿಟ್ಟೆನೇನೋ ಅಂತ ರಾತ್ರಿಯಿಡೀ ಎದ್ದು ಕೂತವರು ಬಿಟ್ಟವರಲ್ಲ. ಬಿಟ್ಟವರಿಗೆ ಚೆನ್ನಾಗಿ ನಿದ್ದೆ ಬರುತ್ತದೆ, ಯೆಹೋಯಾಕೀಮನಿಗೆ ಬಂದಿರಬೇಕು. ಆ ಎರಡು ವಚನಗಳನ್ನು ಇವತ್ತೇ, ಮಲಗುವ ಮುಂಚೆ, ಅವರ ಪಕ್ಕ ಕೂತು ನಿಧಾನವಾಗಿ ಓದಿ ಹೇಳಿ. ಅವರು ಏನಂದರು ಅಂತ ನನಗೆ ಬರೆಯಿರಿ. ತಮ್ಮನ ಆರೋಗ್ಯ ಹೇಗಿದೆ ಅಂತಲೂ.