ಸರಿಹಿಟ್ಟು ತಿಂದ ಮಗುವಿಗೆ ಗಂಧೆ: ಊಟವನ್ನೇ ನಿಲ್ಲಿಸಬೇಕೆ?

ಪ್ರಶ್ನೆ: ನಮ್ಮ ಮಗಳಿಗೆ ಏಳು ತಿಂಗಳು. ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ, ಹೆಸರುಬೇಳೆ ಹಾಕಿ ಮೆತ್ತಗೆ ಬೇಯಿಸಿದ ಅನ್ನ, ತುಪ್ಪ, ಬಾಳೆಹಣ್ಣು ಕೊಡುತ್ತಿದ್ದೆವು. ಯಾವ ತೊಂದರೆಯೂ ಆಗಿರಲಿಲ್ಲ. ಕಳೆದ ವಾರ ಅತ್ತೆಯವರು ರಾಗಿ, ಗೋಧಿ, ಅಕ್ಕಿ, ಹೆಸರುಕಾಳು, ಹುರಿಗಡಲೆ, ಶೇಂಗಾ, ಬಾದಾಮಿ, ಗೋಡಂಬಿ ಹುರಿದು ಬೀಸಿದ ಹಿಟ್ಟಿನಲ್ಲಿ ಸರಿ ಮಾಡಿ ತಿನ್ನಿಸಿದರು. ಕಾಲು ಗಂಟೆಯೊಳಗೆ ಮುಖ, ಎದೆಯ ಮೇಲೆ ಗಂಧೆಗಳೆದ್ದು, ಮಗು ಎರಡು ಸಲ ವಾಂತಿ ಮಾಡಿತು. ಪಿತ್ತದ ಗಂಧೆಯೆಂದು ಕಂಬಳಿ ಹೊದಿಸಿದರು. ಸ್ವಲ್ಪ ಹೊತ್ತಿಗೆ ಇಳಿಯಿತು. ಮಗುವಿನ ಕೆನ್ನೆಯಲ್ಲಿ ಮೊದಲಿನಿಂದಲೂ ಒಣಗಿದ, ತುರಿಸುವ ಕೆಂಪು ಕಲೆಗಳಿವೆ. ಮೊದಲ ಸಲ ತಿಂದಾಗಲೇ ಅಲರ್ಜಿ ಆಗುವುದುಂಟೆ? ವರ್ಷ ತುಂಬುವವರೆಗೆ ಎದೆಹಾಲು ಮಾತ್ರ ಸಾಕೆ? ನಾನೂ ಶೇಂಗಾ ಬಿಡಬೇಕೆ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಎದೆಹಾಲನ್ನು ಖಂಡಿತ ಮುಂದುವರಿಸಿ, ಆದರೆ ಊಟವನ್ನು ನಿಲ್ಲಿಸಬೇಡಿ. ಆರು ತಿಂಗಳ ನಂತರ ಮಗುವಿಗೆ ಬೇಕಾಗುವಷ್ಟು ಕಬ್ಬಿಣಾಂಶ ಎದೆಹಾಲಿನಿಂದ ಮಾತ್ರ ಸಿಗುವುದಿಲ್ಲ. ರಾಗಿ, ಅಕ್ಕಿ, ಹೆಸರುಬೇಳೆ, ತುಪ್ಪ, ಬಾಳೆಹಣ್ಣು ಇವೆಲ್ಲ ಈಗಾಗಲೇ ಮಗುವಿಗೆ ಒಗ್ಗಿವೆ. ಅವುಗಳನ್ನು ಹಿಂದಿನಂತೆಯೇ ಕೊಡುತ್ತಿರಿ. ಅನುಮಾನಕ್ಕೆ ಉಳಿಯುವುದು ಆ ಹಿಟ್ಟಿನಲ್ಲಿ ಹೊಸದಾಗಿ ಸೇರಿದ ಗೋಧಿ, ಹುರಿಗಡಲೆ, ಶೇಂಗಾ, ಬಾದಾಮಿ ಮತ್ತು ಗೋಡಂಬಿ ಮಾತ್ರ. ಪೌಷ್ಟಿಕವಾಗಿರಲಿ ಎಂಬ ಪ್ರೀತಿಯಿಂದಲೇ ನಮ್ಮ ಮನೆಗಳಲ್ಲಿ ಇಂತಹ ಹಿಟ್ಟನ್ನು ಮಾಡುತ್ತಾರೆ. ಆದರೆ ಐದು ಹೊಸ ಪದಾರ್ಥಗಳು ಒಂದೇ ತುತ್ತಿನಲ್ಲಿ ಒಳಗೆ ಹೋದಾಗ ತೊಂದರೆ ಕೊಟ್ಟದ್ದು ಯಾವುದೆಂದು ಹೇಳಲು ಯಾರಿಗೂ ಸಾಧ್ಯವಾಗುವುದಿಲ್ಲ. ಆದ್ದರಿಂದಲೇ ಹೊಸದನ್ನು ಒಂದೊಂದಾಗಿ, ಮೊದಲು ಕಾಲು ಚಮಚದಷ್ಟು, ಬೆಳಗಿನ ಹೊತ್ತು ಕೊಟ್ಟು, ಎರಡು ಮೂರು ದಿನ ನೋಡಿ, ನಂತರ ಇನ್ನೊಂದಕ್ಕೆ ಹೋಗಬೇಕೆಂದು ನಾವು ಹೇಳುತ್ತೇವೆ.

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ತಿಂದ ಕೆಲವೇ ನಿಮಿಷಗಳಲ್ಲಿ ಚರ್ಮದ ಮೇಲೆ ಗಂಧೆ ಮತ್ತು ಜೊತೆಗೇ ಮರುಕಳಿಸುವ ವಾಂತಿ ಕಾಣಿಸಿಕೊಂಡರೆ ಅದನ್ನು ಸಣ್ಣ ಅಲರ್ಜಿಯೆಂದು ಬಿಡುವಂತಿಲ್ಲ. ದೇಹದ ಎರಡು ಭಾಗಗಳು ಏಕಕಾಲಕ್ಕೆ ಪ್ರತಿಕ್ರಿಯಿಸುವುದು ತೀವ್ರ ಅಲರ್ಜಿಯ, ಅಂದರೆ ಅನಾಫಿಲ್ಯಾಕ್ಸಿಸ್‌ನ ಲಕ್ಷಣವಾಗಿರಬಹುದು. ಈ ಸಲ ತಾನಾಗಿಯೇ ಇಳಿಯಿತೆಂದು ಮುಂದಿನ ಸಲವೂ ಹಾಗೆಯೇ ಆಗುತ್ತದೆಂದು ನಂಬಿ ಕೂರಬಾರದು. ಹೀಗೆ ಮತ್ತೆ ಆದರೆ, ಅಥವಾ ಮಗುವಿನ ನಾಲಿಗೆ ಊದಿದರೆ, ಅಳುವಿನ ದನಿ ಒಡೆದರೆ, ಉಸಿರಿನಲ್ಲಿ ಸೀಟಿಯಂಥ ಸದ್ದು ಬಂದರೆ, ಮಗು ಬಿಳಿಚಿಕೊಂಡು ಕೈಕಾಲು ಸಡಿಲ ಬಿಟ್ಟರೆ, ಕಂಬಳಿ ಹುಡುಕುತ್ತ ನಿಲ್ಲದೆ 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ಹೋಗಿ. ಅಲ್ಲಿ ಮೊದಲು ಕೊಡಬೇಕಾದದ್ದು ತೊಡೆಯ ಸ್ನಾಯುವಿಗೆ ಅಡ್ರಿನಲಿನ್ ಚುಚ್ಚುಮದ್ದು. ಅಲರ್ಜಿಯ ಸಿರಪ್ ತುರಿಕೆಯನ್ನು ಕಡಿಮೆ ಮಾಡುತ್ತದೆಯೇ ಹೊರತು ಉಸಿರಾಟವನ್ನು ಕಾಪಾಡುವುದಿಲ್ಲ.

ಮೊದಲ ಸಲ ತಿಂದಾಗಲೇ ಅಲರ್ಜಿ ಆಗುವುದುಂಟು. ಅದಕ್ಕೆ ಕಾರಣದ ಸುಳಿವು ನೀವು ಬರೆದ ಕೆನ್ನೆಯ ಕಲೆಗಳಲ್ಲಿಯೇ ಇರಬಹುದು. ಅದು ಎಕ್ಸಿಮಾ ಎಂಬ ಚರ್ಮದ ತೊಂದರೆ ಆಗಿದ್ದರೆ, ಒಣಗಿ ಬಿರುಕು ಬಿಟ್ಟ ಆ ಚರ್ಮದ ಮೂಲಕ ಮನೆಯ ಧೂಳಿನಲ್ಲಿ, ದೊಡ್ಡವರ ಕೈಗಳಲ್ಲಿ ಇರುವ ಆಹಾರದ ಕಣಗಳು ಒಳಸೇರುತ್ತವೆ. ಬಾಯಿಗೆ ಬರುವ ಮೊದಲೇ ದೇಹ ಅವುಗಳನ್ನು ಶತ್ರುಗಳೆಂದು ಗುರುತಿಸಿಟ್ಟುಕೊಳ್ಳುತ್ತದೆ. ಆದ್ದರಿಂದ ಮಗುವಿಗೆ ಸ್ನಾನ ಮಾಡಿಸುವಾಗ ಕಡಲೆಹಿಟ್ಟು ಉಜ್ಜುವುದನ್ನೂ ಬಾದಾಮಿ ತೇಯ್ದು ಹಚ್ಚುವುದನ್ನೂ ಬಿಡಿ. ವಾಸನೆಯಿಲ್ಲದ ಮಾಯಿಶ್ಚರೈಸರನ್ನು ದಿನಕ್ಕೆ ಎರಡು ಸಲ ಹಚ್ಚಿ, ಎಕ್ಸಿಮಾಗೆ ವೈದ್ಯರಿಂದ ಚಿಕಿತ್ಸೆ ಕೊಡಿಸಿ.

ಇನ್ನು ಪರೀಕ್ಷೆ. ಹಿಟ್ಟಿಗೆ ಹಾಕಿದ ಪದಾರ್ಥಗಳನ್ನೆಲ್ಲ, ಏಲಕ್ಕಿ ಹಾಕಿದ್ದರೆ ಅದನ್ನೂ ಬಿಡದೆ, ಚೀಟಿಯಲ್ಲಿ ಬರೆದುಕೊಂಡು ಈ ವಾರವೇ ಮಕ್ಕಳ ತಜ್ಞರನ್ನು ಕಾಣಿ. ಹಿಟ್ಟು ಮಾಡಿದ ಅತ್ತೆಯವರೂ ಜೊತೆಗೆ ಬಂದರೆ ಬಹಳ ಅನುಕೂಲ. ಚರ್ಮದ ಚುಚ್ಚು ಪರೀಕ್ಷೆಯನ್ನೋ ಐಜಿಇ (ತಕ್ಷಣದ ಅಲರ್ಜಿಗೆ ಕಾರಣವಾಗುವ ಪ್ರತಿಕಾಯ) ರಕ್ತಪರೀಕ್ಷೆಯನ್ನೋ ಆ ಐದು ಪದಾರ್ಥಗಳಿಗೆ ಮಾತ್ರ ಮಾಡಿಸಿದರೆ ಸಾಕು. ನೂರಾರು ಆಹಾರಗಳನ್ನು ಒಟ್ಟಿಗೆ ನೋಡುವ ದುಬಾರಿ ಪರೀಕ್ಷೆಗಳನ್ನು, ವಿಶೇಷವಾಗಿ ಐಜಿಜಿ ಎಂಬ ಬೇರೊಂದು ಪ್ರತಿಕಾಯದ ಪರೀಕ್ಷೆಯನ್ನು, ದಯವಿಟ್ಟು ಮಾಡಿಸಬೇಡಿ: ಅಲರ್ಜಿಯನ್ನು ಐಜಿಜಿ ಹೇಳುವುದೇ ಇಲ್ಲ, ಆ ವರದಿಯನ್ನು ನಂಬಿ ಮಗುವಿನ ತಟ್ಟೆಯಿಂದ ಒಳ್ಳೆಯ ಆಹಾರವನ್ನೆಲ್ಲ ತೆಗೆದುಹಾಕಿದ ಮನೆಗಳನ್ನು ಕಂಡು ನನಗೆ ಸಂಕಟವಾಗಿದೆ. ಐಜಿಇ ಪಾಸಿಟಿವ್ ಬಂದರೂ ಅಷ್ಟರಿಂದಲೇ ಅಲರ್ಜಿಯಿದೆ ಎಂದಾಗುವುದಿಲ್ಲ; ಅಗತ್ಯವಿದ್ದರೆ ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರು, ಸ್ವಲ್ಪ ಸ್ವಲ್ಪವೇ ತಿನ್ನಿಸಿ ಖಚಿತಪಡಿಸಿಕೊಳ್ಳಬೇಕಾಗುತ್ತದೆ. ಅಲ್ಲಿಯವರೆಗೆ ಆ ಐದನ್ನೂ ಮನೆಯಲ್ಲಿ ಕೊಟ್ಟು ನೋಡುವುದು ಬೇಡ.

ಆದರೆ ಪರೀಕ್ಷೆಯಲ್ಲಿ ದೋಷವಿಲ್ಲವೆಂದು ತೇಲಿದ್ದನ್ನು ವೈದ್ಯರು ಹೇಳಿದ ಕೂಡಲೇ ಶುರುಮಾಡಿ, ವಾರವಾರವೂ ತಪ್ಪದೆ ಕೊಡಿ. ಲಂಡನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಲೀಪ್ ಅಧ್ಯಯನದಲ್ಲಿ ತೀವ್ರ ಎಕ್ಸಿಮಾ ಅಥವಾ ಮೊಟ್ಟೆಯ ಅಲರ್ಜಿ ಇದ್ದ, 4ರಿಂದ 11 ತಿಂಗಳ ವಯಸ್ಸಿನ 640 ಮಕ್ಕಳಿದ್ದರು. ಶೇಂಗಾವನ್ನು ಆಗಿನಿಂದಲೇ ನಿಯಮಿತವಾಗಿ ತಿಂದವರಲ್ಲಿ, ದೂರವಿಟ್ಟವರಿಗಿಂತ, ಐದನೆಯ ವಯಸ್ಸಿಗೆ ಶೇಂಗಾ ಅಲರ್ಜಿ ಸುಮಾರು ಶೇ. 80ರಷ್ಟು ಕಡಿಮೆಯಿತ್ತು. ಇಡೀ ಕಾಳು ಗಂಟಲಲ್ಲಿ ಸಿಕ್ಕಿಕೊಳ್ಳುವುದರಿಂದ ನುಣ್ಣಗೆ ಅರೆದೇ ಕೊಡಬೇಕು.

ನೀವು ಶೇಂಗಾ ಚಟ್ನಿ ತಿಂದು ಹಾಲೂಡಿದಾಗ ಇದುವರೆಗೆ ಮಗುವಿಗೆ ಏನೂ ಆಗಿಲ್ಲವಾದರೆ ಅದನ್ನು ಬಿಡಬೇಕಾಗಿಲ್ಲ.

ಪ್ರಶ್ನೆ: ಎಂಟು ತಿಂಗಳ ಮಗನಿಗೆ ಅಕ್ಕಿ ಗಂಜಿ ಕೊಟ್ಟ ಎರಡು ಗಂಟೆಯ ನಂತರ ಸತತವಾಗಿ ವಾಂತಿಯಾಗಿ, ಮಗು ಬಿಳಿಚಿಕೊಂಡು ಸೋತು ಮಲಗಿತು. ಎರಡು ಬಾರಿಯೂ ಹೀಗೆಯೇ ಆಯಿತು, ಗಂಧೆ ಇರಲಿಲ್ಲ. ರಕ್ತಪರೀಕ್ಷೆ ನೆಗೆಟಿವ್. ಅಕ್ಕಿಯಿಂದಲೂ ಅಲರ್ಜಿ ಆಗುತ್ತದೆಯೆ?
– ಓದುಗರು, ಹಾಸನ

ಉತ್ತರ: ಆಗುತ್ತದೆ. ನಿಮ್ಮ ವಿವರಣೆ ಎಫ್‌ಪೀಸ್ ಎಂಬ ತಡವಾದ ಆಹಾರ ಅಲರ್ಜಿಗೆ ಹೊಂದುತ್ತದೆ. ತಿಂದ ಒಂದರಿಂದ ನಾಲ್ಕು ಗಂಟೆಯ ನಂತರ ವಾಂತಿ ಶುರುವಾಗುವುದು ಇದರ ಗುರುತು. ಇದರಲ್ಲಿ ಐಜಿಇಯ ಪಾತ್ರವಿಲ್ಲದ ಕಾರಣ ರಕ್ತಪರೀಕ್ಷೆ ಸಾಮಾನ್ಯವಾಗಿ ನೆಗೆಟಿವ್ ಬರುತ್ತದೆ, ಹೀಗಾಗಿ ಹೊಟ್ಟೆಯ ಸೋಂಕೆಂದು ತಪ್ಪು ತಿಳಿಯುವುದೂ ಹೆಚ್ಚು. ಸದ್ಯಕ್ಕೆ ಅಕ್ಕಿಯನ್ನೂ, ಅಕ್ಕಿಹಿಟ್ಟು ಬೆರೆತ ಡಬ್ಬಿ ಆಹಾರಗಳನ್ನೂ, ಇಡ್ಲಿ ದೋಸೆಗಳನ್ನೂ ಪೂರ್ತಿ ನಿಲ್ಲಿಸಿ, ರಾಗಿ ಈಗಾಗಲೇ ಒಗ್ಗಿದ್ದರೆ ಅದನ್ನೇ ಮುಂದುವರಿಸಿ. ತಿಂದದ್ದು ಏನು, ಎಷ್ಟು ಹೊತ್ತಿಗೆ, ವಾಂತಿ ಯಾವಾಗ ಎಂಬುದನ್ನು ಬರೆದಿಟ್ಟು ಮಕ್ಕಳ ತಜ್ಞರಿಗೆ ತೋರಿಸಿ. ಹೆಚ್ಚಿನ ಮಕ್ಕಳು ಕೆಲವು ವರ್ಷಗಳಲ್ಲಿ ಇದರಿಂದ ಹೊರಬರುತ್ತಾರೆ, ಆದರೆ ಮತ್ತೆ ಅನ್ನ ಕೊಟ್ಟು ನೋಡುವುದು ಆಸ್ಪತ್ರೆಯಲ್ಲಿಯೇ ಆಗಬೇಕು. ಅಷ್ಟರಲ್ಲಿ ಅಕಸ್ಮಾತ್ ತಿಂದು ವಾಂತಿ ಶುರುವಾದರೆ ಕಾಯಬೇಡಿ. ಮಗುವಿಗೆ ಡ್ರಿಪ್ ಬೇಕಾಗಬಹುದು.